ಮೂಳೆ ಕೂಡುತ್ತಿದೆ, ಕಾಲು ಏಕೆ ಸ್ವಾಧೀನಕ್ಕೆ ಬಂದಿಲ್ಲ?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಎರಡು ತಿಂಗಳ ಹಿಂದೆ ಎತ್ತರದಿಂದ ಬಿದ್ದು, ಎದೆಭಾಗದ ಹತ್ತನೆಯ ಬೆನ್ನುಮೂಳೆ ಮುರಿಯಿತು. ಮರುದಿನವೇ ರಾಡ್ ಮತ್ತು ಸ್ಕ್ರೂ ಹಾಕಿ ಶಸ್ತ್ರಚಿಕಿತ್ಸೆ ಮಾಡಿದರು. ಅದು ಯಶಸ್ವಿಯಾಗಿದೆ ಎಂದೂ ಹೇಳಿದರು. ಆದರೂ ಎರಡೂ ಕಾಲುಗಳಲ್ಲಿ ಶಕ್ತಿಯಿಲ್ಲ. ಒಂದು ವಾರದಿಂದ ಕಾಲುಗಳು ತಾವಾಗಿಯೇ ಜಿಗಿಯುತ್ತಿವೆ. ಇದು ಚೇತರಿಕೆಯ ಲಕ್ಷಣವೇ? ಅವನು ಮತ್ತೆ ನಡೆಯುವನೇ?

ಉತ್ತರ: ಬೆನ್ನುಮೂಳೆ ಬೇರೆ, ಅದರೊಳಗೆ ಹಾದುಹೋಗುವ ಬೆನ್ನುಹುರಿ ಬೇರೆ. ಶಸ್ತ್ರಚಿಕಿತ್ಸೆಯು ಮುರಿದ ಮೂಳೆಯನ್ನು ಭದ್ರಪಡಿಸುತ್ತದೆ, ಹುರಿಯ ಮೇಲಿನ ಒತ್ತಡವನ್ನು ತೆಗೆಯುತ್ತದೆ. ಆದರೆ ಜಜ್ಜಿಹೋದ ನರತಂತುಗಳನ್ನು ಜೋಡಿಸುವ ಶಕ್ತಿ ಅದಕ್ಕಿಲ್ಲ. ಕೈಕಾಲಿನ ನರ ತುಂಡಾದರೆ ನಿಧಾನವಾಗಿಯಾದರೂ ಮತ್ತೆ ಬೆಳೆಯಬಲ್ಲದು, ಬೆನ್ನುಹುರಿಯ ತಂತುಗಳು ಹಾಗೆ ಬೆಳೆಯುವುದಿಲ್ಲ. ಆದ್ದರಿಂದ ವೈದ್ಯರ ‘ಯಶಸ್ವಿ’ ಎಂಬ ಮಾತು ಸುಳ್ಳಲ್ಲ, ಅದು ಮೂಳೆಗೆ ಸಂಬಂಧಿಸಿದ ಮಾತು. ಇಷ್ಟನ್ನು ಮನೆಯವರಿಗೆ ಬಿಡಿಸಿ ಹೇಳದಿರುವುದು ನಮ್ಮ ವೃತ್ತಿಯವರ ಲೋಪವೆಂದೇ ಹೇಳಬೇಕು.

ಕಾಲು ಜಿಗಿಯುವುದನ್ನು ಕಂಡು ಆಸೆ ಹುಟ್ಟುವುದು ಸಹಜ. ಪೆಟ್ಟಾದ ಕೂಡಲೇ ಗಾಯದ ಕೆಳಗಿನ ಹುರಿ ಸ್ತಬ್ಧವಾಗಿರುತ್ತದೆ. ಕೆಲವು ವಾರಗಳಲ್ಲಿ ಅದು ಎಚ್ಚೆತ್ತಾಗ, ಮೆದುಳಿನ ಹತೋಟಿಯಿಲ್ಲದ ಪ್ರತಿವರ್ತನೆಗಳು ಈ ಸೆಳೆತವಾಗಿ ಕಾಣಿಸಿಕೊಳ್ಳುತ್ತವೆ. ಹೊದಿಕೆ ಸರಿಸಿದಾಗ ಮೊಣಕಾಲು ಮಡಚಿಕೊಳ್ಳುವುದು ಚೇತರಿಕೆಯಲ್ಲ. ‘ಹೆಬ್ಬೆರಳು ಆಡಿಸು’ ಎಂದಾಗ ಆಡಿಸಿ, ‘ನಿಲ್ಲಿಸು’ ಎಂದಾಗ ನಿಲ್ಲಿಸಿದರೆ ಅದು ಚೇತರಿಕೆ. ಇದಕ್ಕಿಂತಲೂ ಮುಖ್ಯವಾದ ಪರೀಕ್ಷೆಯೊಂದಿದೆ: ಗುದದ್ವಾರದ ಸುತ್ತ ಸ್ಪರ್ಶ ತಿಳಿಯುತ್ತದೆಯೇ, ಅಲ್ಲಿನ ಸ್ನಾಯುವನ್ನು ನಿಮ್ಮ ತಮ್ಮ ಬೇಕೆಂದಾಗ ಬಿಗಿಹಿಡಿಯಬಲ್ಲರೇ ಎಂದು ವೈದ್ಯರನ್ನು ಕೇಳಿ. ಮುಜುಗರದ ಪ್ರಶ್ನೆ, ನಿಜ. ಆದರೆ ಹೌದೆಂಬ ಉತ್ತರ ಬಂದರೆ ಹುರಿಯ ಸಂಪರ್ಕ ಪೂರ್ತಿ ಕಡಿದಿಲ್ಲ ಎಂದರ್ಥ, ಸುಧಾರಣೆಯ ಸಾಧ್ಯತೆಯೂ ಹೆಚ್ಚು. ಎರಡೂ ಇಲ್ಲದಿದ್ದರೆ ನಡಿಗೆ ಮರಳುವ ಸಂಭವ ಕಡಿಮೆ. ಸಾಮಾನ್ಯವಾಗಿ ಚೇತರಿಕೆಯ ಹೆಚ್ಚಿನ ಪಾಲು ಮೊದಲ 6ರಿಂದ 9 ತಿಂಗಳಲ್ಲಿ ಆಗುತ್ತದೆ, ಆಮೇಲಿನದು ನಿಧಾನ. ಕಾಂಡಕೋಶ (ಸ್ಟೆಮ್ ಸೆಲ್) ಚುಚ್ಚುಮದ್ದಿನಿಂದ ನಡೆಸಿಬಿಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ಅದಿನ್ನೂ ಸಂಶೋಧನೆಯ ಹಂತದಲ್ಲಿದೆ.

ಈಗ ಚರ್ಮ ಮತ್ತು ಮೂತ್ರಕೋಶದ ಕಡೆ ಗಮನವಿರಲಿ. ನೋವು ತಿಳಿಯದ ಚರ್ಮ ಒತ್ತಡಕ್ಕೆ ಸಿಕ್ಕಿ ಸದ್ದಿಲ್ಲದೆ ಕೊಳೆಯುತ್ತದೆ. ಮಲಗಿದ್ದಾಗ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಗಾಲಿಕುರ್ಚಿಯಲ್ಲಿದ್ದಾಗ 15ರಿಂದ 30 ನಿಮಿಷಕ್ಕೊಮ್ಮೆ ಪೃಷ್ಠದ ಮೇಲಿನ ಭಾರ ತಪ್ಪಿಸಬೇಕು. ಪ್ರತಿದಿನ ಬಾಲಮೂಳೆ, ಸೊಂಟದ ಬದಿ ಮತ್ತು ಹಿಮ್ಮಡಿಗಳನ್ನು ನೋಡಿ. ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಕಲೆ ಕಂಡರೆ, ಅದು ಮಾಯವಾಗುವವರೆಗೆ ಆ ಜಾಗದ ಮೇಲೆ ಭಾರ ಬೀಳಕೂಡದು. ಸದಾ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಇಟ್ಟುಕೊಂಡಿರುವ ಬದಲು, 4ರಿಂದ 6 ಗಂಟೆಗೊಮ್ಮೆ ಶುಚಿಯಾದ ನಳಿಕೆಯಿಂದ ತಾವೇ ಮೂತ್ರ ತೆಗೆಯುವುದನ್ನು ಅವರು ಕಲಿಯಬಹುದೇ ಎಂದು ವಿಚಾರಿಸಿ. ಮೂತ್ರಪಿಂಡ ಉಳಿಯುವುದು ಈ ಶಿಸ್ತಿನಿಂದಲೇ.

ಹತ್ತನೆಯ ಮೂಳೆಯ ಮಟ್ಟದ ಗಾಯವಾದ್ದರಿಂದ ಕೈಗಳಿಗೆ ಪೂರ್ಣ ಶಕ್ತಿಯಿದೆ. ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟುವುದು, ಸ್ನಾನ, ಉಡುಗೆ ಇವನ್ನೆಲ್ಲ ಸ್ವಂತವಾಗಿ ಮಾಡಿಕೊಳ್ಳುವ ತರಬೇತಿಯನ್ನು ಪುನಶ್ಚೇತನ ಕೇಂದ್ರದಲ್ಲಿ ಈಗಲೇ ಆರಂಭಿಸಿ, ಕಾಲು ಬರಲೆಂದು ಕಾಯಬೇಡಿ.

ಸೆಳೆತ ಅತಿಯಾದರೆ ಔಷಧವಿದೆ. ಆದರೆ ಅದು ಹಠಾತ್ತನೆ ಹೆಚ್ಚಿದರೆ ಮಾತ್ರೆಗಿಂತ ಮೊದಲು ಕಾರಣ ಹುಡುಕಿ: ಮೂತ್ರದ ಸೋಂಕು, ಮಲಬದ್ಧತೆ, ಕಾಣದೆ ಉಳಿದ ಹುಣ್ಣು, ಕೆಲವೊಮ್ಮೆ ಮಾಂಸದೊಳಕ್ಕೆ ಬೆಳೆದ ಉಗುರು ಕೂಡ ಇರಬಹುದು. ಒಂದೇ ಕಾಲು ಊದಿಕೊಂಡು ಬೆಚ್ಚಗಾದರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ. ಆ ಕಾಲನ್ನು ತಿಕ್ಕದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.