ಗಂಗೊಳ್ಳಿಯ ಹುಡುಗಿಗೆ ಮಡಿಕೇರಿಯಲ್ಲಿ ಮೀನು ಫ್ರೈ

ಪ್ರಶ್ನೆ: ಅಕ್ಕಾ, ನನಗೆ 28 ವರ್ಷ. ಸೋಮವಾರಪೇಟೆ ಕಡೆಯವನು, ಮಡಿಕೇರಿಯಲ್ಲಿ ಕೆಲಸ. ಇಲ್ಲಿ ನರ್ಸ್ ಆಗಿರುವ ಒಬ್ಬ ಹುಡುಗಿ ಎಂಟು ತಿಂಗಳಿಂದ ಪರಿಚಯ. ಅವಳ ಊರು ಕುಂದಾಪುರದ ಹತ್ತಿರ ಗಂಗೊಳ್ಳಿ. ಇಬ್ಬರಿಗೂ ಇಷ್ಟ ಇದೆ ಅನ್ನಿಸುತ್ತದೆ, ಆದರೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಮೊನ್ನೆ ಅವಳು, "ಇಲ್ಲಿಗೆ ಬಂದ ಮೇಲೆ ಒಳ್ಳೆ ಮೀನು ಫ್ರೈ ತಿಂದೇ ಇಲ್ಲ" ಅಂದಳು. ನಾನು ತಕ್ಷಣ, "ನನಗೊಂದು ಒಳ್ಳೆ ಜಾಗ ಗೊತ್ತು, ಕರೆದುಕೊಂಡು ಹೋಗ್ತೀನಿ" ಅಂದುಬಿಟ್ಟೆ. ಅಂಥ ಜಾಗ ಯಾವುದೂ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಮೀನು ಅಪರೂಪ, ಮುಳ್ಳು ಬಿಡಿಸಿ ತಿನ್ನುವುದೂ ಸರಿಯಾಗಿ ಬರುವುದಿಲ್ಲ. ಇಲ್ಲೇ ಹೋದರೆ ಯಾರಾದರೂ ನೋಡಿ ಮನೆಗೆ ಹೇಳುತ್ತಾರೆ ಎಂಬ ಭಯ. ಮುಂದಿನ ಭಾನುವಾರ ಇಬ್ಬರಿಗೂ ರಜೆ ಇದೆ. ಬೈಕಿನಲ್ಲಿ ಮಂಗಳೂರಿಗೇ ಕರೆದುಕೊಂಡು ಹೋಗಿ ಬರಲಾ?

ಉತ್ತರ: ಮಂಗಳೂರು ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋಗಲು ಸುಮಾರು 140 ಕಿಲೋಮೀಟರ್, ಬರಲು ಇನ್ನಷ್ಟೇ. ಈ ಜುಲೈ ಮಳೆಯಲ್ಲಿ ಸಂಪಾಜೆ ಘಾಟಿ ಇಳಿದು, ಕತ್ತಲಾಗುವ ಹೊತ್ತಿಗೆ ಅದೇ ಘಾಟಿ ಹತ್ತಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿಹೋಗಿದ್ದು ನಿಮಗೂ ನೆನಪಿರುತ್ತದೆ. ಆದರೆ ಬೇಡ ಅನ್ನಲು ನನಗಿರುವ ದೊಡ್ಡ ಕಾರಣ ದಾರಿಯಲ್ಲ. ಮೊದಲ ಸಲ ಇಬ್ಬರೇ ಊಟಕ್ಕೆ ಕೂತಿದ್ದೀರಿ, ಯಾವುದೋ ಮಾತಿಗೆ ಅವಳಿಗೆ ಬೇಸರವಾಯಿತು ಅಂದುಕೊಳ್ಳಿ. ಆಗ ಎದ್ದು, ಆಟೋ ಹಿಡಿದು, ತಾನೇ ರೂಮಿಗೆ ಹೋಗುವ ಹಾಗಿರಬೇಕು. ಮಂಗಳೂರಿನಲ್ಲಿ ಅವಳು ನಿಮ್ಮ ಬೈಕಿಗೇ ಕಾಯಬೇಕು. ಹೆಣ್ಣುಮಕ್ಕಳು ಇದನ್ನು ಹೇಳುವುದಿಲ್ಲ, ಆದರೆ ಪ್ರತಿ ಸಲವೂ ಲೆಕ್ಕ ಹಾಕುತ್ತಾರೆ. ಅವಳು ಲೆಕ್ಕ ಹಾಕುವ ಮೊದಲೇ ನೀವು ಅದನ್ನು ಯೋಚಿಸಿಟ್ಟರೆ ನನಗೆ ತುಂಬಾ ಸಂತೋಷ.

ಇನ್ನೊಂದು ವಿಷಯ ನಿಮ್ಮ ಗಮನಕ್ಕೆ ಬಂದಿಲ್ಲ. ಈಗ ಸಮುದ್ರಕ್ಕೆ ರಜೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ. ಮೀನು ಮೊಟ್ಟೆ ಇಟ್ಟು ಮರಿಯಾಗುವ ಕಾಲ ಅದು. ದಡದ ಹತ್ತಿರ ಹೋಗಿಬರುವ ನಾಡದೋಣಿಗಳಿಗೆ ಮಾತ್ರ ಅವಕಾಶ. ಆ ಮೀನು ತಾಜಾ ಇರುತ್ತದೆ, ಆದರೆ ಕಡಿಮೆ, ಬೆಲೆಯೂ ಜಾಸ್ತಿ. ಕಣ್ಣೂರು ಕಡೆಯಿಂದ ಮಾಕುಟ್ಟ ದಾರಿಯಲ್ಲಿ ವಿರಾಜಪೇಟೆಗೆ ಬರುವ ಮೀನಿನ ಕತೆಯೂ ಹೆಚ್ಚುಕಡಿಮೆ ಇದೇ, ಕೇರಳದಲ್ಲೂ ಜುಲೈ ಕೊನೆಯವರೆಗೆ ಟ್ರಾಲಿಂಗ್ ನಿಷೇಧ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ತಮಿಳುನಾಡಿನ ಕಡೆಯ ಮೀನು ಐಸ್‌ನಲ್ಲಿ ದೂರ ಬರುತ್ತದೆ. ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುವುದನ್ನು ಪ್ರತಿ ಮಳೆಗಾಲದಲ್ಲೂ ನೋಡಿ ಬೆಳೆದವಳಿಗೆ ಇದೆಲ್ಲ ಗೊತ್ತೇ ಇರುತ್ತದೆ. ಈ ತಿಂಗಳು ನೀವು ಎಲ್ಲಿಗೆ ಕರೆದುಕೊಂಡು ಹೋದರೂ ಊರಿನ ರುಚಿ ಸಿಗಲಿ ಎಂದು ಅವಳು ಕಾದಿರುವುದಿಲ್ಲ.

ಹಾಗಾಗಿ ನಿಮ್ಮ ಹೆಗಲ ಮೇಲಿನ ಭಾರ ಅರ್ಧ ಇಳಿಯಿತು. ಉಳಿದರ್ಧ ನೀವು ಹೇಳಿದ ಆ ಸುಳ್ಳು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಮದುವೆ ನಿಶ್ಚಯವಾದ ಮೇಲೆ ನಮ್ಮವರು ನನ್ನನ್ನು ಊಟಕ್ಕೆ ಕರೆದುಕೊಂಡು ಹೋದರು. ಗಾಜಿನ ಕಿಟಕಿ, ಬಿಳಿ ಮೇಜುಬಟ್ಟೆ ಇದ್ದ ದುಬಾರಿ ಹೋಟೆಲು. "ಇಲ್ಲಿನ ಪಾಂಪ್ಲೆಟ್ ಫ್ರೈ ಬಹಳ ಚೆನ್ನಾಗಿರುತ್ತದೆ" ಅಂದರು. ಬಾಯಿಗಿಟ್ಟ ಕೂಡಲೇ ನನಗೆ ವಾಸನೆ ಗೊತ್ತಾಯಿತು. ಅವರಿಗೂ ಗೊತ್ತಾಗಿತ್ತು. ಅವರು ಖರ್ಚು ಮಾಡಿದ್ದಾರೆ, ಬೇಸರವಾದೀತು ಎಂದು ನಾನು ನುಂಗಿದೆ. ತಾನೇ ಹೊಗಳಿ ತರಿಸಿದ್ದು, ಹೇಗೆ ಹೇಳುವುದು ಎಂದು ಅವರೂ ನುಂಗಿದರು. ರಾತ್ರಿ ಇಬ್ಬರಿಗೂ ವಾಂತಿ. ಅವರೂ ಆ ಹೋಟೆಲಿಗೆ ಅದೇ ಮೊದಲ ಸಲ ಹೋಗಿದ್ದು ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಅಂದೇ ಹೇಳಿದ್ದರೆ ತಟ್ಟೆ ಪಕ್ಕಕ್ಕೆ ಸರಿಸಿ ಬೇರೇನಾದರೂ ತಿನ್ನುತ್ತಿದ್ದೆವು.

ನೀವು ಇವತ್ತೇ ಅವಳಿಗೆ ಹೇಳಿ. ಉದ್ದ ಕತೆ ಬೇಡ. "ಒಳ್ಳೆ ಜಾಗ ಗೊತ್ತು ಅಂದಿದ್ದು ಸುಳ್ಳು, ನಿಮ್ಮ ಜೊತೆ ಊಟಕ್ಕೆ ಹೋಗುವ ಆಸೆಯಿಂದ ಹೇಳಿಬಿಟ್ಟೆ. ಈಗ ಹುಡುಕುತ್ತಿದ್ದೇನೆ." ಇಷ್ಟು ಸಾಕು. ಗಮನಿಸಿ, ಈ ಒಂದೇ ಮಾತಿನಲ್ಲಿ ನೀವು ಎಂಟು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದೂ ಹೊರಗೆ ಬರುತ್ತದೆ. ಮುಳ್ಳು ಬಿಡಿಸಲು ಬರುವುದಿಲ್ಲ ಅಂತಲೂ ಹೇಳಿಬಿಡಿ. ಮೀನಿನ ಊರಿನವರ ಎದುರು ಕೂತು ಅದನ್ನು ಮುಚ್ಚಿಡಲು ಆಗುವುದಿಲ್ಲ, ಮುಚ್ಚಿಡುವ ಅಗತ್ಯವೂ ಇಲ್ಲ.

ಈಗ ಹೋಟೆಲಿನ ವಿಷಯ. ಹೆಸರು ಹೇಳುವುದಿಲ್ಲ, ಯಾಕೆಂದರೆ ಅಡುಗೆಯವರು ಬದಲಾದರೆ ಹೋಟೆಲೂ ಬದಲಾಗುತ್ತದೆ. ಹುಡುಕುವ ಬಗೆ ಹೇಳುತ್ತೇನೆ. ರಾತ್ರಿ ಊಟ ಬೇಡ, ಮಧ್ಯಾಹ್ನ ಹೋಗಿ. ಮಂದ ಬೆಳಕು, ಕಣಿವೆಯ ನೋಟ ಇರುವ ಜಾಗಗಳು ಪ್ರವಾಸಿಗರಿಗೆ ಚೆನ್ನ. ಅಲ್ಲಿನ ಮೆನುವಿನಲ್ಲಿ ಪಂದಿ, ಕೋಳಿ, ಪನೀರ್ ಎಲ್ಲದರ ನಡುವೆ ಮೀನೂ ಒಂದು. ಯಾರಾದರೂ ಕೇಳುವವರೆಗೆ ಅದು ಫ್ರೀಜರಿನಲ್ಲಿ ಕಾಯುತ್ತಿರುತ್ತದೆ. ನಿಮಗೆ ಬೇಕಾದದ್ದು ಬಸ್‌ ಸ್ಟ್ಯಾಂಡು, ಮಾರ್ಕೆಟ್ಟಿನ ಸುತ್ತ ಇರುವ ಊಟದ ಹೋಟೆಲು. ಮಲಯಾಳಿಗಳದ್ದೋ, ಕರಾವಳಿಯವರದ್ದೋ ಆಗಿರಬಹುದು. ಕುಚ್ಚಲಕ್ಕಿ ಅನ್ನ, ಮೀನು ಸಾರು, ಮೇಲೆ ಒಂದು ಫ್ರೈ. ಡ್ರೈವರುಗಳು, ಅಂಗಡಿಯವರು ದಿನಾ ಅಲ್ಲೇ ತಿನ್ನುತ್ತಾರೆ. ಬೆಳಿಗ್ಗೆ ಬಂದ ಮೀನು ಮೂರು ಗಂಟೆಯೊಳಗೆ ಖಾಲಿ. ಸಮುದ್ರದಿಂದ ಇಷ್ಟು ದೂರ ಇರುವ ನಮ್ಮಂಥ ಊರಿನಲ್ಲಿ ಬೇರೆಲ್ಲಕ್ಕಿಂತ ಮುಖ್ಯ ಅದೇ, ಮೀನು ನಿಲ್ಲಬಾರದು.

ಈ ವಾರ ನೀವೊಬ್ಬರೇ ಎರಡು ಕಡೆ ಹೋಗಿ ಊಟ ಮಾಡಿ ಬನ್ನಿ. ಶುಕ್ರವಾರ ಬೇಡ, ಸಂತೆ ದಿನ ಕೂರಲು ಜಾಗ ಸಿಗುವುದಿಲ್ಲ. ಕೂತ ಕೂಡಲೇ "ಇವತ್ತು ಯಾವ ಮೀನು ಬಂದಿದೆ?" ಎಂದು ಕೇಳಿ. ಅಂಜಲ್, ಪಾಂಪ್ಲೆಟ್, ಕಾಣೆ, ಸಿಗಡಿ, ಏಡಿ, ಬೊಂಡಾಸ್ ಎಲ್ಲಾ ಇದೆ ಅಂದರೆ ಈ ಮಳೆಗಾಲದಲ್ಲಿ ನನಗೆ ನಂಬಿಕೆ ಬರುವುದಿಲ್ಲ. "ಬಂಗುಡೆ ಇದೆ, ಮತ್ತಿ ಇದೆ, ಅಂಜಲ್ ಇವತ್ತು ಬಂದಿಲ್ಲ" ಅಂದರೆ ಧೈರ್ಯವಾಗಿ ಕೂರಿ. ಮಸಾಲೆ ಹಚ್ಚಿಟ್ಟ ಮೀನನ್ನು ತೋರಿಸಿ ಅಂದರೆ ಎಷ್ಟೋ ಕಡೆ ತಟ್ಟೆಯಲ್ಲಿಟ್ಟು ತೋರಿಸುತ್ತಾರೆ. ಕಾವಲಿಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಎರಡು ಬದಿ ಕಾಯಿಸಿದ ತವಾ ಫ್ರೈ ಕೇಳಿ. ರವಾ ಫ್ರೈ ನನಗೂ ಇಷ್ಟ, ಆದರೆ ದಪ್ಪ ರವೆಯೊಳಗೆ ಮೀನು ಹೇಗಿದೆ ಎಂದು ಮೊದಲ ಸಲ ಗೊತ್ತಾಗುವುದಿಲ್ಲ. ಬಾಣಲೆಯ ಎಣ್ಣೆ ಕಪ್ಪಗಿದ್ದರಂತೂ ಮೀನು ಎಷ್ಟೇ ತಾಜಾ ಇದ್ದರೂ ಕೆಟ್ಟಿತು. ಒಳ್ಳೆಯ ಮೀನಾದರೆ ಮಾಂಸ ಎಸಳು ಎಸಳಾಗಿ ಮುಳ್ಳಿನಿಂದ ಬಿಟ್ಟುಬರುತ್ತದೆ. ಹಿಟ್ಟಿನ ಹಾಗೆ ಮೆತ್ತಗಿದ್ದರೆ ಹಳೆಯದು.

ಒಂದು ಎಚ್ಚರಿಕೆ. ಬಂಗುಡೆ, ಮತ್ತಿ, ಕೇದರದಂಥ (ಅಂದರೆ ಟ್ಯೂನಾ) ಮೀನು ಐಸ್ ಇಲ್ಲದೆ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ ಅಂಶ ಹೆಚ್ಚುತ್ತದೆ. ಎಷ್ಟು ಕರಿದರೂ ಅದು ಹೋಗುವುದಿಲ್ಲ. ನಾಲಿಗೆ ಮೆಣಸು ತಿಂದ ಹಾಗೆ ಚುರುಗುಟ್ಟಬಹುದು, ಮುಖ ಕೆಂಪಾಗಬಹುದು, ತಲೆನೋವು, ವಾಂತಿ ಬರಬಹುದು. ಹಾಗೆ ಚುರುಗುಟ್ಟಿದರೆ ಖಾರ ಜಾಸ್ತಿ ಅಂತ ಸುಮ್ನಿರಬೇಡಿ, ಅಲ್ಲಿಗೇ ಬಿಡಿ. ಸಿಗಡಿ, ಏಡಿ ನೀವು ಇದುವರೆಗೆ ತಿಂದೇ ಇಲ್ಲವಾದರೆ ಆ ದಿನ ಹೊಸದಾಗಿ ಶುರು ಮಾಡಬೇಡಿ. ಕೆಲವರಿಗೆ ಅದರ ಅಲರ್ಜಿ ಇರುತ್ತದೆ. ನಿಮ್ಮ ಎದುರು ನರ್ಸ್ ಕೂತಿದ್ದರೂ ಅವಳಿಗೆ ಆ ದಿನ ರಜೆ ಅಲ್ವಾ?

ನಿಮಗೆ ತಿನ್ನಲು ಸುಲಭ ಅಂಜಲ್. ತುಂಡಿನ ನಡುವೆ ದಪ್ಪ ಮುಳ್ಳು ಇರುತ್ತದೆ, ಸುತ್ತ ಬಿಡಿಸಿಕೊಂಡರೆ ಆಯಿತು. ಬಂಗುಡೆಯೂ ಕಷ್ಟವಲ್ಲ. ಬೆನ್ನಿನ ಕಡೆಯಿಂದ ಬಿಡಿಸಿದರೆ ನಡುಮುಳ್ಳು ಹಾಗೇ ಎದ್ದು ಬರುತ್ತದೆ. ಮತ್ತಿಯಲ್ಲಿ ಸಣ್ಣ ಮುಳ್ಳು ಬಹಳ, ಅದನ್ನು ಅವಳ ತಟ್ಟೆಗೆ ಬಿಡಿ, ಅವಳು ತಿನ್ನುವುದನ್ನು ನೋಡಿ ಕಲಿಯಿರಿ. ಚಮಚ, ಫೋರ್ಕ್ ಮುಟ್ಟಬೇಡಿ. ಬೆರಳಿಗೆ ಸಿಗುವ ಮುಳ್ಳು ಫೋರ್ಕಿಗೆ ಸಿಗುವುದಿಲ್ಲ.

ಯಾರಾದರೂ ನೋಡುತ್ತಾರೆ ಎಂಬ ಭಯ ಸುಳ್ಳಲ್ಲ. ಮಡಿಕೇರಿಯಲ್ಲಿ ಕಾಲೇಜು ರಸ್ತೆ ದಾಟುವಷ್ಟರಲ್ಲಿ ನಾಲ್ಕು ಜನ ಪರಿಚಯದವರು ಸಿಗುತ್ತಾರೆ. ಆದರೆ ಅದನ್ನು ನೀವೊಬ್ಬರೇ ತೀರ್ಮಾನ ಮಾಡಬೇಡಿ. ಮಾತು ಬಂದರೆ ಅದು ಹೆಚ್ಚು ತಟ್ಟುವುದು ಅವಳಿಗೆ. ಅವಳ ಕೆಲಸ ಇಲ್ಲಿ, ವಾಸ ಇಲ್ಲಿ. "ಇಲ್ಲೇ ಹೋದರೆ ನಿಮಗೆ ತೊಂದರೆ ಇಲ್ಲವಾ, ಕುಶಾಲನಗರ ಆಗಬಹುದಾ?" ಎಂದು ಕೇಳಿ. ಅಲ್ಲಿಗೆ ಮಡಿಕೇರಿಯಿಂದ ಬಸ್ಸು ಬೇಕಾದಷ್ಟಿದೆ, ಅವಳು ಬೇಕಾದರೆ ಬೇರೆಯಾಗಿಯೇ ಬಂದು ಹೋಗಬಹುದು. ಇಲ್ಲೇ ಆಗಲಿ ಅಂದರೆ ತಲೆ ಎತ್ತಿ ಕೂತು ಊಟ ಮಾಡಿ. ಪರಿಚಯದವರು ಬಂದರೆ ಬಾಗಿಲ ಕಡೆ ಬೆನ್ನು ಮಾಡಬೇಡಿ. ಹೆಸರು ಹೇಳಿ ಪರಿಚಯ ಮಾಡಿಸಿ. ನೀವು ಮುಖ ತಪ್ಪಿಸಿದರೆ, ತನ್ನ ಜೊತೆ ಕಾಣಿಸಿಕೊಳ್ಳಲು ಇವನಿಗೆ ನಾಚಿಕೆ ಎಂದು ಅವಳಿಗೆ ಅನ್ನಿಸುತ್ತದೆ. ಅದು ಹಳಸಿದ ಮೀನಿಗಿಂತ ಕೆಟ್ಟದ್ದು.

ಭಾನುವಾರ ಪ್ರವಾಸಿಗರ ಗದ್ದಲ ಶುರುವಾಗುವ ಮೊದಲು, ಹನ್ನೆರಡೂವರೆಗೆ ಹೋಗಿ. ಮೀನನ್ನು ಅವಳೇ ಆರಿಸಲಿ. ಅಡುಗೆಯವರನ್ನು ಎರಡು ಪ್ರಶ್ನೆ ಕೇಳಿದರೆ ಅವಳಿಗೆ ಎಲ್ಲಾ ಗೊತ್ತಾಗಿಬಿಡುತ್ತದೆ. ಇವತ್ತಿನ ಮೀನು ಬೇಡ ಅಂದಳಾ, ಮೊಟ್ಟೆ ಸಾರು ಹಾಕಿಸಿಕೊಂಡು ಊಟ ಮುಗಿಸಿ, ಹೊರಗೆ ಬಂದು ಒಂದು ಕಾಫಿ ಕುಡಿಯಿರಿ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿಯುತ್ತವೆ. ಸೆಪ್ಟೆಂಬರ್ ಶುರುವಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ನಮ್ಮ ಮಾರ್ಕೆಟ್ಟಿನಲ್ಲೂ ಒಳ್ಳೆಯ ಮೀನು ಕಾಣಿಸುತ್ತದೆ. ಆಗ ಮತ್ತೆ ಕರೆಯಲು ನಿಮಗೊಂದು ಕಾರಣವೂ ಇರುತ್ತದೆ.

ಮರೆತಿದ್ದೆ. ಅವಳು ಬೈಗೆ ಇದೆಯಾ ಅಂತ ಕೇಳಬಹುದು, ಕುಂದಾಪುರದ ಕಡೆ ಹಾಗೇ ಅನ್ನುವುದು. ಇಲ್ಲಿ ಅದಕ್ಕೆ ಮತ್ತಿ ಅನ್ನಬೇಕು. ಸಪ್ಲೈಯರ್ ಇಲ್ಲ ಅಂದುಬಿಡುವ ಮೊದಲು ನೀವು ಹೇಳಿಬಿಡಿ.