ಪ್ರಬಂಧ ಲೈಬ್ರರಿ ಸೇರಿಯಾಯಿತು, ಟ್ರಂಕಿನಲ್ಲಿರೋ ಕ್ಯಾಸೆಟ್‌ಗಳ ಕಥೆ ಏನು?

ವಿಶ್ವವಿದ್ಯಾಲಯಗಳ ಆರ್ಕೈವ್‌ಗಳ, ಅಂದರೆ ಪ್ರಬಂಧ, ದಾಖಲೆಗಳನ್ನು ಕಾಪಾಡುವ ಸಂಗ್ರಹಗಳ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಕೇಳಿದ ಕೆಲವು ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನನ್ನ ಅಕ್ಕ ತೊಂಬತ್ತರ ದಶಕದಲ್ಲಿ ಸಕಲೇಶಪುರ, ಆಲೂರು ಕಡೆಯ ಸೋಬಾನೆ ಪದಗಳ ಮೇಲೆ ಪಿಎಚ್‌ಡಿ ಮಾಡಿದ್ದರು. ಈಗ ಅವರಿಲ್ಲ. ಪ್ರಬಂಧ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿದೆ. ಮನೆಯ ಟ್ರಂಕಿನಲ್ಲಿ ಒಂದು ರಾಶಿ ಕ್ಯಾಸೆಟ್, ನೋಟ್‌ಬುಕ್, ಫೋಟೊ ಉಳಿದಿವೆ. ಪ್ರಬಂಧವೇ ಇರುವಾಗ ಇವನ್ನೆಲ್ಲ ಯಾರಾದರೂ ತಗೊಳ್ತಾರಾ? (ಹಾಸನ)

ಉತ್ತರ: ತಗೊಳ್ತಾರೆ. ನನ್ನನ್ನು ಕೇಳಿದರೆ ಆ ಪ್ರಬಂಧಕ್ಕಿಂತ ಟ್ರಂಕಿಗೇ ಬೆಲೆ ಜಾಸ್ತಿ.

ಪ್ರಬಂಧದಲ್ಲಿರುವುದು ನಿಮ್ಮ ಅಕ್ಕ ಆರಿಸಿಕೊಂಡ ಪದಗಳು, ಅವರು ಕೇಳಿಕೊಂಡ ಪ್ರಶ್ನೆಗಳು. ಧಾಟಿ ಅಚ್ಚಿನಲ್ಲಿ ಬರುವುದಿಲ್ಲ. ಸೊಲ್ಲನ್ನು ಯಾರು ಎತ್ತಿಕೊಟ್ಟರು, ಎಲ್ಲಿ ಮರೆತು ನಕ್ಕರು, ಯಾವ ಅಕ್ಷರವನ್ನು ಎಳೆದರು, ಅದೆಲ್ಲ ಕ್ಯಾಸೆಟ್ಟಿನಲ್ಲಿ ಮಾತ್ರ ಇರುತ್ತದೆ. ನಾಳೆ ಇನ್ನೊಬ್ಬರು ಬಂದು ಆ ಪದಗಳಲ್ಲಿ ಬರುವ ಭತ್ತದ ತಳಿಗಳ ಹೆಸರು ಹುಡುಕಬಹುದು. ಮತ್ತೊಬ್ಬರಿಗೆ ಆ ಸೀಮೆಯ ಆಡುಮಾತು ಬೇಕಾಗಬಹುದು.

ನಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ ನೋಡಿ. ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳ ಸರಣಿ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹಾಸನ ಜಿಲ್ಲೆಯ ಸಂಪುಟ ಬಂದಿದ್ದು 1902ರಲ್ಲಿ. ಅದರ ಹಿಂದಿನ ವರ್ಷವೇ ಕಡೂರು ಜಿಲ್ಲೆಯದ್ದು, ಅಂದರೆ ಇಂದಿನ ಚಿಕ್ಕಮಗಳೂರಿನದ್ದು, ಬಂದಿತ್ತು. ರೈಸ್ ಸುಮ್ನೆ ಸಾರಾಂಶ ಬರೆದು ಮುಗಿಸಿದ್ದರೆ ಇವತ್ತು ಯಾರೂ ಅದನ್ನು ತೆಗೆದು ನೋಡುತ್ತಿರಲಿಲ್ಲ. ಶಾಸನಗಳ ಪೂರ್ತಿ ಪಾಠವನ್ನೇ ಅಚ್ಚು ಮಾಡಿಸಿದರು. ಹಾಗಾಗಿ ಕೆರೆ, ತೆರಿಗೆ, ಅಳತೆ ಅಂತ ಹೊಸ ಹೊಸ ಪ್ರಶ್ನೆ ಹಿಡಿದು ಬರುವವರಿಗೆ ಈಗಲೂ ಅದರಲ್ಲಿ ಕೆಲಸವಿದೆ. ಹಲ್ಮಿಡಿ ಶಾಸನ ಆ ಸಂಪುಟದಲ್ಲಿಲ್ಲ, ಅದು ಬೆಳಕಿಗೆ ಬಂದಿದ್ದು 1930ರ ದಶಕದಲ್ಲಿ. ಅದನ್ನು ಓದಿಕೊಟ್ಟಿದ್ದು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿ. ವಾರ್ಷಿಕ ವರದಿ ಅಂದರೆ ಯಾರೂ ಓದಲ್ಲ ಅನ್ನೋ ಮಾತಿದೆ, ಅಲ್ವಾ?

ಇನ್ನು, ಯಾರಿಗೆ ಕೊಡೋದು. ಮೊದಲು ಅಕ್ಕ ಓದಿದ ವಿಶ್ವವಿದ್ಯಾಲಯದ ಜಾನಪದ ವಿಭಾಗವನ್ನೇ ಕೇಳಿ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಗುರುಗ್ರಾಮದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗೀತ ಆರ್ಕೈವ್ ಇದೆ. ಸಂಶೋಧಕರು ಊರೂರು ತಿರುಗಿ ಮಾಡಿದ ಧ್ವನಿಮುದ್ರಣಗಳನ್ನು ಅದು 1982ರಿಂದ ಕಾಪಾಡುತ್ತಿದೆ. ಎಲ್ಲಿಗೇ ಆಗಲಿ, ಪೆಟ್ಟಿಗೆ ಹೊತ್ತುಕೊಂಡು ಹೋಗುವ ಮೊದಲು ಪತ್ರ ಬರೆಯಿರಿ. ಮೂಲ ಕ್ಯಾಸೆಟ್ ಇಟ್ಟುಕೊಳ್ಳುತ್ತೀರಾ, ಡಿಜಿಟಲ್ ಪ್ರತಿ ನಮಗೂ ಕೊಡುತ್ತೀರಾ, ಕೇಳಲು ಯಾರಿಗೆಲ್ಲ ಅವಕಾಶ ಕೊಡುತ್ತೀರಾ, ಇಷ್ಟನ್ನು ಬರವಣಿಗೆಯಲ್ಲಿ ಕೇಳಿ. ಅಲ್ಮೇರಾದಲ್ಲಿಟ್ಟು ಬೀಗ ಹಾಕುವ ಜಾಗಕ್ಕೆ ಕೊಟ್ಟರೆ ಟ್ರಂಕಿನಲ್ಲಿದ್ದಷ್ಟೇ ಪ್ರಯೋಜನ.

ಅಷ್ಟರೊಳಗೆ ಕ್ಯಾಸೆಟ್‌ಗಳನ್ನು ಯಾವುದೋ ಹಳೇ ಟೇಪ್‌ರೆಕಾರ್ಡರಿಗೆ ಹಾಕಿ ಪರೀಕ್ಷೆ ಮಾಡಬೇಡಿ. ಪ್ರತಿ ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಕಿವಿಗಳಿರುತ್ತವೆ, ಅವನ್ನು ಮುರಿಯಿರಿ. ಆಮೇಲೆ ಯಾರೋ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿ ಹೋಗುವುದಿಲ್ಲ. ಕಿಟಕಿಯಲ್ಲಿ ಕಾಣುವ ಸುರುಳಿಯ ಮೇಲೆ ಬಿಳಿ ಪುಡಿ ಇದ್ದರೆ ಅದು ಬೂಷ್ಟು. ನಮ್ಮ ಮಲೆನಾಡಿನ ಮಳೆಗಾಲಕ್ಕೆ ಅದು ಹಿಡಿಯದೇ ಇರೋದೇ ಕಷ್ಟ. ಅಂಥವನ್ನು ಬೇರೆ ಇಡಿ. ಒಂದನ್ನು ಓಡಿಸಿದರೆ ಮೆಷಿನ್ನಿನ ಮೂಲಕ ಉಳಿದವಕ್ಕೂ ಹರಡುತ್ತದೆ. ಡಿಜಿಟಲ್ ಮಾಡಿಸುವಾಗ 24 ಬಿಟ್‌ನ ವೇವ್ ಫೈಲ್ ಕೇಳಿ, ಎಂಪಿ3 ಸಾಲದು. ಮೊಬೈಲಿನಲ್ಲಿ ಕೇಳಲು ಬೇಕಾದರೆ ವೇವ್‌ನಿಂದಲೇ ಎಂಪಿ3 ಮಾಡಿಕೊಳ್ಳಬಹುದು.

ಕ್ಯಾಸೆಟ್ ಡಬ್ಬದ ಚೀಟಿ, ನೋಟ್‌ಬುಕ್ಕಿನ ಪುಟ, ಫೋಟೊ ಹಿಂದಿನ ಬರಹ ಯಾವುದನ್ನೂ ಬೇರ್ಪಡಿಸಬೇಡಿ. ಅಕ್ಕ ಜೋಡಿಸಿದ ಕ್ರಮವೂ ಮಾಹಿತಿಯೇ. ವಿಷಯವಾರು ಚೊಕ್ಕಟ ಮಾಡಿ ಕೊಡೋಣ ಅಂತ ಹೊರಟವರು ಎಷ್ಟೋ ಸಂಗ್ರಹ ಕೆಡಿಸಿದ್ದಾರೆ.

ಇನ್ನೊಂದು ಸೂಕ್ಷ್ಮ ಇದೆ. ಮದುವೆ ಪದ ಅಂದಮೇಲೆ ಬೀಗರನ್ನು ಛೇಡಿಸುವ ಪದ ಇದ್ದೇ ಇರುತ್ತೆ. ಕೆಲವದರಲ್ಲಿ ನಿಜವಾದ ಹೆಸರು, ಮನೆತನ ಎಲ್ಲ ಬರುತ್ತವೆ. ಹಾಡಿದವರ ಮನೆಯವರು ಈಗಲೂ ಅದೇ ಊರಿನಲ್ಲಿರಬಹುದು. ಸಾಧ್ಯವಾದರೆ ಹೋಗಿ ಕೇಳಿ ಒಪ್ಪಿಗೆ ಪಡೆಯಿರಿ. ಆಗದಿದ್ದರೆ ಅಂಥ ಭಾಗವನ್ನು ಆರ್ಕೈವ್‌ಗೆ ಬಂದು ಕೂತು ಕೇಳಬಹುದು, ಅಂತರ್ಜಾಲಕ್ಕೆ ಹಾಕುವಂತಿಲ್ಲ ಅಂತ ಷರತ್ತು ಬರೆಸಿ. ಅಕ್ಕ ಬರೆದದ್ದರ ಕಾಪಿರೈಟ್ ಅವರ ವಾರಸುದಾರರಿಗೆ ಸೇರುತ್ತದೆ, ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಆದ್ದರಿಂದ ಕೊಡುವ ಕಾಗದಕ್ಕೆ ಅವರೆಲ್ಲರ ಸಹಿ ಬೇಕು.

ಪ್ರಶ್ನೆ: ಎಂ.ಎ.ಗೆ ಕಿರು ಪ್ರಬಂಧ ಬರೆದಿದ್ದೇನೆ. ಅದರ ಜೊತೆಗೆ ನಾನೇ ಬರೆದು ಕಾಲೇಜಿನಲ್ಲಿ ಆಡಿಸಿದ ನಾಟಕ ಇದೆ. ಇವನ್ನು ಶೋಧಗಂಗಾಕ್ಕೆ ಹಾಕಬಹುದಾ? ಕಥೆ, ಕವಿತೆ, ನಾಟಕಕ್ಕೆಲ್ಲ ಆರ್ಕೈವ್‌ನಲ್ಲಿ ಜಾಗ ಇದೆಯಾ? (ಚಿಕ್ಕಮಗಳೂರು)

ಉತ್ತರ: ಶೋಧಗಂಗಾ ಅನ್ನುವ ಆನ್‌ಲೈನ್ ಸಂಗ್ರಹ ಇರುವುದು ಸಂಶೋಧನಾ ಪದವಿಯ ಪ್ರಬಂಧಗಳಿಗೆ. ನಡೆಸುವುದು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ. ಪಿಎಚ್‌ಡಿ ಪ್ರಬಂಧದ ಡಿಜಿಟಲ್ ಪ್ರತಿ ಕೊಡಲೇಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಬಂದಿದ್ದು 2009ರಲ್ಲಿ. ಅಲ್ಲಿಗೆ ಹಾಕುವುದು ವಿಶ್ವವಿದ್ಯಾಲಯವೇ, ನಾವು ನೀವಲ್ಲ. ಎಂ.ಎ. ಪ್ರಬಂಧಕ್ಕೆ ಅಲ್ಲಿ ಜಾಗವಿಲ್ಲ.

ಆದರೆ ಅದೊಂದೇ ಆರ್ಕೈವ್ ಅಲ್ಲ. ಭೌತಶಾಸ್ತ್ರದವರಿಗೆ 1991ರಿಂದ, ಆಮೇಲೆ ಗಣಿತದವರಿಗೂ, arXiv ಅನ್ನುವ ಜಾಲತಾಣ (ಓದುವುದು ‘ಆರ್ಕೈವ್’ ಅಂತಲೇ) ಇದೆ. ಸಂಶೋಧನಾ ಪತ್ರಿಕೆಯಲ್ಲಿ ಬರುವ ಮೊದಲೇ ಲೇಖನ ಅಲ್ಲಿ ಓದಲು ಸಿಗುತ್ತದೆ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ಕೃಷಿಕೋಶ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ತನ್ನದೇ ಸಂಗ್ರಹವನ್ನು 2002ರಲ್ಲೇ ಶುರು ಮಾಡಿತು. ಇಂಥ ಸಾಂಸ್ಥಿಕ ಸಂಗ್ರಹಗಳಲ್ಲಿ ಲೇಖನ, ಪ್ರಬಂಧ ಮಾತ್ರ ಅಲ್ಲ, ಪೋಸ್ಟರ್, ಉಪನ್ಯಾಸದ ವಿಡಿಯೊ, ಸ್ವರಲಿಪಿ, ನಕ್ಷೆ, ಕಂಪ್ಯೂಟರ್ ಕೋಡ್, ಚಿತ್ರಕಲಾ ಪ್ರದರ್ಶನದ ಕೆಟಲಾಗ್, ನಾಟಕದ ರಂಗಪ್ರತಿ ಎಲ್ಲಾ ಇರುತ್ತವೆ. ಯಾವ ಸಂಗ್ರಹ ಏನು ತಗೊಳ್ಳುತ್ತೆ ಅನ್ನೋದು ಅದರದರ ನಿಯಮಕ್ಕೆ ಬಿಟ್ಟಿದ್ದು.

ನಿಮ್ಮ ಕಾಲೇಜಿನಲ್ಲಿ ಸಂಗ್ರಹ ಇದೆಯಾ ಕೇಳಿ. ಇಲ್ಲದಿದ್ದರೆ, ಕಿರು ಪ್ರಬಂಧಕ್ಕೆ ಝೆನೋಡೊ ಆಗುತ್ತದೆ. ಯುರೋಪಿನ ಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್ 2013ರಿಂದ ನಡೆಸುತ್ತಿರುವ ಉಚಿತ ಸಂಗ್ರಹ ಅದು, ಹಾಕಿದ ಪ್ರತಿ ಕೃತಿಗೂ ಡಿಒಐ ಅನ್ನುವ ಶಾಶ್ವತ ಸಂಖ್ಯೆ ಕೊಡುತ್ತದೆ. ನಾಟಕ ಹಾಕುವುದಾದರೆ ಬರೀ ಪಠ್ಯ ಹಾಕಬೇಡಿ. ನೀವು ರಿಹರ್ಸಲ್‌ನಲ್ಲಿ ಗೀಚಿದ, ದೃಶ್ಯ ಕಿತ್ತುಹಾಕಿದ, ಬೆಳಕಿನ ಸೂಚನೆ ಬರೆದ ಪ್ರತಿ ಇದೆಯಲ್ಲ, ಅದನ್ನೂ ಸ್ಕ್ಯಾನ್ ಮಾಡಿ ಹಾಕಿ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ತಾತನ ಕಾಲದಿಂದ ಮಳೆ ಲೆಕ್ಕದ ಡೈರಿಗಳಿವೆ. ಇದು ವಿದ್ವತ್ತಿನ ಕೆಲಸ ಏನಲ್ಲ, ಆದರೂ ಯಾರಿಗಾದರೂ ಬೇಕಾಗುತ್ತಾ?

ಉತ್ತರ: ಖಂಡಿತ ಬೇಕು. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಯಾವ ದಿನ ಬಿತ್ತು, ಆಮೇಲಿನ ಮಳೆ ಎಷ್ಟು ದಿನ ಬಿಟ್ಟು ಬಂತು ಅನ್ನೋದು ಹವಾಮಾನ ಓದುವವರಿಗೂ ಕಾಫಿ ಓದುವವರಿಗೂ ಬೇಕಾದ ಲೆಕ್ಕ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದೇ 1925ರಲ್ಲಿ. ನಿಮ್ಮ ಡೈರಿ ಅದಕ್ಕೂ ಹಳೆಯದಾ ನೋಡಿ! ತಾತ ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿರುತ್ತಾರೆ. ಅದನ್ನು ಹಾಗೇ ಟೈಪ್ ಮಾಡಿ, ಪಕ್ಕದ ಕಾಲಂನಲ್ಲಿ ಮಿಲಿಮೀಟರ್ ಹಾಕಿ. ಒಂದು ಇಂಚಿಗೆ 25.4. ಖಾಲಿ ಬಿಟ್ಟ ದಿನಕ್ಕೆ ಸೊನ್ನೆ ಹಾಕಲೇಬೇಡಿ. ಮಳೆ ಬರಲಿಲ್ಲ ಅನ್ನೋದು ಬೇರೆ, ಅಳೆಯಲಿಲ್ಲ ಅನ್ನೋದು ಬೇರೆ. ಮಾಪಕವನ್ನು ಕಣದಿಂದ ಬಂಗಲೆ ಹತ್ತಿರಕ್ಕೋ ಎಲ್ಲಿಗೋ ಸ್ಥಳ ಬದಲಿಸಿದ್ದರೆ ಯಾವ ವರ್ಷ ಅಂತ ಬರೆಯಿರಿ. ಮಧ್ಯೆ ಬರುವ ಕೂಲಿ ಲೆಕ್ಕ, ಜ್ವರದ ಸುದ್ದಿ, ಸಾಲದ ವಿಚಾರವನ್ನು ಸ್ಕ್ಯಾನ್‌ನಲ್ಲಿ ಬಿಡಬೇಡಿ. ಇತಿಹಾಸದವರು ಬರುವುದೇ ಅದಕ್ಕೆ.

ಪ್ರಶ್ನೆ: ನನ್ನ ಕನ್ನಡ ಪ್ರಬಂಧ ಆನ್‌ಲೈನ್‌ನಲ್ಲಿದೆ. ಆದರೆ ಒಳಗಿನ ಒಂದು ಪದ ಹಾಕಿ ಹುಡುಕಿದರೂ ಸಿಗುವುದಿಲ್ಲ. ಯಾಕೆ? (ಅರಸೀಕೆರೆ)

ಉತ್ತರ: ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಆಗಿರಬೇಕು. ಪಿಡಿಎಫ್ ತೆಗೆದು ಒಂದು ಸಾಲು ಕಾಪಿ ಮಾಡಿ ಮೊಬೈಲಿನ ಮೆಸೇಜಿಗೆ ಪೇಸ್ಟ್ ಮಾಡಿ ನೋಡಿ. ಅರ್ಥವಿಲ್ಲದ ರೋಮನ್ ಅಕ್ಷರ ಬಂದರೆ ಅದೇ ಕಾರಣ. ನಿಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಏನೂ ಕಾಪಿ ಆಗದಿದ್ದರೆ ಬರೀ ಸ್ಕ್ಯಾನ್ ಮಾಡಿದ ಚಿತ್ರ ಹಾಕಿದ್ದಾರೆ ಅಂತ. ಮೂಲ ಫೈಲ್ ಇದ್ದರೆ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತನ್ನು ಒಮ್ಮೆ ಕೂತು ತಿದ್ದಿ. ಪರಿವರ್ತಕಗಳು ಎಡವುವುದು ಅಲ್ಲೇ. ಆಮೇಲೆ ಹೊಸ ಪಿಡಿಎಫ್ ಅನ್ನು ವಿಶ್ವವಿದ್ಯಾಲಯದ ಲೈಬ್ರರಿಗೆ ಕೊಟ್ಟು ಬದಲಿಸಲು ಕೇಳಿ. ಅದು ತಡವಾದರೆ ಶೀರ್ಷಿಕೆ, ಸಾರಾಂಶ, ವಿಷಯಪದಗಳನ್ನಾದರೂ ಯೂನಿಕೋಡ್ ಕನ್ನಡದಲ್ಲಿ ತುಂಬಿಸಿ.

ಪ್ರಶ್ನೆ: ಹೀಗೆ ಎಲ್ಲರಿಗೂ ತೆರೆದಿಟ್ಟರೆ ಕದಿಯಲ್ವಾ? (ಕಡೂರು)

ಉತ್ತರ: ಕದಿಯುವವರು ಲೈಬ್ರರಿಯ ಕಪಾಟಿನಿಂದಲೂ ಕದಿಯುತ್ತಾರೆ, ಅಲ್ಲಿ ಗೊತ್ತಾಗುವುದು ಕಡಿಮೆ ಅಷ್ಟೇ. ಆನ್‌ಲೈನ್‌ನಲ್ಲಿ ನಿಮ್ಮ ಹೆಸರು, ಹಾಕಿದ ತಾರೀಖು ಎರಡೂ ದಾಖಲಾಗಿರುತ್ತವೆ. ಪುಸ್ತಕ ಮಾಡುವ ಯೋಚನೆ ಇದ್ದರೆ ಎಂಬಾರ್ಗೊ ಕೇಳಿ. ವಿವರ ಎಲ್ಲರಿಗೂ ಕಾಣುತ್ತದೆ, ಫೈಲ್ ಮಾತ್ರ ನೀವು ಹೇಳಿದ ಅವಧಿ ಮುಗಿದ ಮೇಲೆ ತೆರೆಯುತ್ತದೆ. ನಿಮ್ಮ ಕೃತಿಯನ್ನು ಬೇರೆಯವರು ಹೇಗೆ ಬಳಸಬಹುದು ಅಂತ ಹೇಳುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಆರಿಸುವಾಗ ಎರಡು ಸಲ ಓದಿ. ಒಮ್ಮೆ ಕೊಟ್ಟ ಅನುಮತಿಯನ್ನು ಆಮೇಲೆ ವಾಪಸ್ ತಗೊಳ್ಳಲು ಬರುವುದಿಲ್ಲ.