ಲಾಕ್ ಮಾಡಿ ನಿಲ್ಲಿಸಿದ ಕಾರಿನ ಅಲಾರಂ ರಾತ್ರಿ ಸುಮ್ನೆ ಹೊಡೆದುಕೊಳ್ಳುತ್ತದೆ, ಎಲ್ಲಿಂದ ಹುಡುಕಲಿ?

ರಾತ್ರಿ ಎರಡು ಮೂರು ಸಲ ಅಲಾರಂ ಹೊಡೆದುಕೊಳ್ಳುತ್ತದೆ, ಎದ್ದು ಹೋಗಿ ನೋಡಿದರೆ ಕಾರಿನ ಹತ್ತಿರ ಯಾರೂ ಇರುವುದಿಲ್ಲ, ರಿಮೋಟ್‌ನ ಸೆಲ್ ಬದಲಾಯಿಸಿದ್ದೂ ಆಯಿತು, ಇನ್ನು ಅಲಾರಂ ಪೂರ್ತಿ ತೆಗೆಸಿಬಿಡಲಾ ಎಂದು ಕೇಳಿದ್ದೀರಿ. ದಯವಿಟ್ಟು ತೆಗೆಸಬೇಡಿ. ನಾನೂ ಒಂದು ತಿಂಗಳು ಹೀಗೇ ನಿದ್ದೆಗೆಟ್ಟಿದ್ದೆ. ಕೊನೆಗೆ ಸಿಕ್ಕಿಬಿದ್ದಿದ್ದು ಬಾನೆಟ್ ಕೆಳಗಿನ ಒಂದು ಚಿಕ್ಕ ಸ್ವಿಚ್. ನೀವೂ ಮೊದಲು ಅಲ್ಲೇ ನೋಡಿ.

ಬಾಗಿಲು, ಡಿಕ್ಕಿ, ಬಾನೆಟ್ ಪ್ರತಿಯೊಂದರಲ್ಲೂ ಒಂದು ಸ್ವಿಚ್ ಇರುತ್ತದೆ. ಕಾರು ಲಾಕ್ ಆಗಿರುವಾಗ ಅದರಲ್ಲಿ ಯಾವುದಾದರೂ ಒಂದು "ತೆರೆದಿದೆ" ಎಂದು ಹೇಳಿದರೆ ಸಾಕು, ಅಲಾರಂ ಅದನ್ನು ನಂಬುತ್ತದೆ. ನಿಜವಾಗಿ ತೆರೆದಿದೆಯಾ ಎಂದು ನೋಡುವ ದಾರಿ ಅದಕ್ಕಿಲ್ಲ. ಬಾಗಿಲಿನ ಸ್ವಿಚ್ ಸ್ವಲ್ಪ ಮರೆಯಲ್ಲಿರುತ್ತದೆ. ಬಾನೆಟ್ಟಿನದು ಹಾಗಲ್ಲ, ಇಂಜಿನ್ ಬಿಸಿ, ರಸ್ತೆಯ ಧೂಳು, ಮಳೆ ನೀರು ಎಲ್ಲ ಅದರ ಮೇಲೇ. ಹಾಗಾಗಿ ಹಳೆಯ ಕಾರುಗಳಲ್ಲಿ ಜಾಸ್ತಿ ಕೈಕೊಡುವುದು ಅದೇ.

ನನ್ನ ಕಾರಿನಲ್ಲಿ ಅದು ಒತ್ತುವ ಗುಂಡಿಯ ತರಹ ಇತ್ತು. ತಲೆಯ ಮೇಲೆ ಒಂದು ರಬ್ಬರ್ ಟೋಪಿ. ಸುತ್ತ ಧೂಳು, ಗ್ರೀಸ್ ಸೇರಿ ಮೇಣದ ಹಾಗೆ ಅಂಟಿಕೊಂಡಿತ್ತು. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಬರುತ್ತಿತ್ತು. ಎಲ್ಲ ಸರಿ ಇದೆಯಲ್ಲ ಅನ್ನಿಸಿತು. ಆಮೇಲೆ ಮಕ್ಕಳು ಆಡುವ ಕ್ಲೇ ಒಂದು ಚಿಟಿಕೆ ತೆಗೆದುಕೊಂಡು ಆ ಟೋಪಿಯ ಮೇಲಿಟ್ಟು ಬಾನೆಟ್ ಮುಚ್ಚಿದೆ. ತೆರೆದು ನೋಡಿದರೆ ಕ್ಲೇ ಇಟ್ಟ ಹಾಗೇ ಇತ್ತು, ಒಂಚೂರು ಚಪ್ಪಟೆಯಾಗಿತ್ತು ಅಷ್ಟೇ. ಅಂದರೆ ಟೋಪಿ ಸವೆದು, ಬಾನೆಟ್ ಮುಚ್ಚಿದರೂ ಗುಂಡಿ ಪೂರ್ತಿ ಒತ್ತಿಕೊಳ್ಳುತ್ತಿರಲಿಲ್ಲ. ಇಂಜಿನ್ ಆರಿ ತಗಡು ತಣ್ಣಗಾಗುವಾಗ ಕೂದಲೆಳೆಯಷ್ಟು ಸರಿದರೂ ಸಂಪರ್ಕ ತಪ್ಪುತ್ತಿತ್ತು. ಹಗಲು ಸುಮ್ಮನಿದ್ದು ರಾತ್ರಿ ಮಾತ್ರ ಕೂಗುತ್ತಿದ್ದುದು ಅದಕ್ಕೇ. ಸ್ವಿಚ್ ಒರೆಸಿ, ಎರಡು ಸುತ್ತು ಮೇಲಕ್ಕೆ ತಿರುಗಿಸಿ ಕೂರಿಸಿದೆ, ಹೊಸ ಟೋಪಿ ಹಾಕಿದೆ. ಅವತ್ತಿನಿಂದ ಒಂದು ಸಲವೂ ಕೂಗಿಲ್ಲ.

ಎಷ್ಟೋ ಕಾರುಗಳಲ್ಲಿ ಈ ಸ್ವಿಚ್ ಬಾನೆಟ್ ಲಾಕಿನ ಒಳಗೇ ಕೂತಿರುತ್ತದೆ, ತಿರುಗಿಸಲು ಬರುವುದಿಲ್ಲ. ಅಲ್ಲಿ ಕಾಂಟ್ಯಾಕ್ಟ್ ಕ್ಲೀನರ್ (ಸ್ವಿಚ್ ಒಳಗಿನ ಕೊಳೆ ತೆಗೆಯುವ ದ್ರವ) ಸ್ಪ್ರೇ ಹೊಡೆದು, ಲಾಕ್ ನಾಲ್ಕಾರು ಸಲ ಆಡಿಸಿ ನೋಡಿ. ಆದರೂ ಸರಿಹೋಗದಿದ್ದರೆ ಲಾಕನ್ನೇ ಬದಲಾಯಿಸಬೇಕಾಗುತ್ತದೆ. ವೈರ್ ಕತ್ತರಿಸಿ ಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕೆಲವು ಕಾರುಗಳಲ್ಲಿ ವೈರ್ ಕಡಿದರೆ "ಬಾನೆಟ್ ತೆರೆದಿದೆ" ಎಂದೇ ಅರ್ಥ, ಕಾಟ ಇನ್ನೂ ಹೆಚ್ಚುತ್ತದೆ.

ಬಾನೆಟ್ ಸರಿ ಇದ್ದರೆ ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2ರ ಹತ್ತಿರ ಬಂದಿದ್ದರೆ ಅರ್ಧ ಖಾಲಿ. ವೋಲ್ಟೇಜ್ ಕುಸಿದರೆ ಯಾರೋ ವೈರಿಗೆ ಕೈಹಾಕಿದ್ದಾರೆ ಎಂದುಕೊಳ್ಳುವ ಅಲಾರಂಗಳೂ ಇವೆ. ಬ್ಯಾಟರಿಗೆ ವೈರ್ ಕೂರುವ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಅದೂ ಇದೇ ಕೆಲಸ ಮಾಡುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಉಜ್ಜಿ, ಒರೆಸಿ, ಬಿಗಿ ಮಾಡಿ.

ಅಲಾರಂ ಹೊಡೆಯುವಾಗ ಇಂಡಿಕೇಟರ್ ಮಿನುಗುತ್ತದಾ ಎಂದು ಒಮ್ಮೆ ಗಮನಿಸಿ. ಇದು ತುಂಬಾ ಉಪಯೋಗಕ್ಕೆ ಬರುತ್ತದೆ. ಹಲವು ಕಾರುಗಳ ಸೈರನ್ ಒಳಗೆ ಅದರದ್ದೇ ಪುಟ್ಟ ಬ್ಯಾಟರಿ ಇರುತ್ತದೆ. ಕಳ್ಳರು ದೊಡ್ಡ ಬ್ಯಾಟರಿ ಕಿತ್ತರೂ ಕೂಗಲಿ ಎಂದು ಹಾಗೆ ಮಾಡಿರುತ್ತಾರೆ. ಅದು ವರ್ಷಗಳಾದ ಮೇಲೆ ಕೆಡುತ್ತದೆ. ಲೈಟ್ ಮಿನುಗದೆ ಬರೀ ಸೈರನ್ ಕೂಗುತ್ತಿದ್ದರೆ ಬೇರೆ ಎಲ್ಲ ಬಿಟ್ಟು ಸೈರನ್ ಪರೀಕ್ಷೆ ಮಾಡಿಸಿ.

ಕಾರಿನ ಒಳಗಿನ ಅಲುಗಾಟ ಹಿಡಿಯುವ ಸೆನ್ಸರ್ ಇದ್ದರೆ ಕಿಟಕಿ ಒಂದಿಷ್ಟು ಇಳಿದಿದ್ದರೂ, ಕನ್ನಡಿಗೆ ಏನಾದರೂ ನೇತುಹಾಕಿದ್ದರೂ ಅಲಾರಂ ಹೊಡೆಯಬಹುದು. ಒಳಗೆ ಸೇರಿದ ಒಂದು ಪತಂಗವೂ ಸಾಕು. ಅಲಾರಂ ಕಾರಿನ ಜೊತೆ ಬಂದಿದ್ದಲ್ಲ, ಆಮೇಲೆ ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದಾದರೆ ಅದರಲ್ಲಿ ಸಾಮಾನ್ಯವಾಗಿ ಪೆಟ್ಟು ಗುರುತಿಸುವ ಸೆನ್ಸರ್ ಇರುತ್ತದೆ. ಅದರ ತಿರುಪನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ, ಪ್ರತಿ ಸಲ ಟೈರಿಗೆ ಕೈಯಲ್ಲಿ ಗುದ್ದಿ ನೋಡಿ. ಲಾರಿ ಹೋದಾಗ, ಗುಡುಗಿದಾಗ ಮಾತ್ರ ಹೊಡೆಯುತ್ತಿದ್ದರೆ ಖಂಡಿತ ಇದೇ.

ರಿಮೋಟ್ ಮೇಲೆ ಇನ್ನೂ ಅನುಮಾನವಿದ್ದರೆ ಒಂದು ರಾತ್ರಿ ಕಾರು ಲಾಕ್ ಮಾಡಿದ ಮೇಲೆ ಅದರ ಸೆಲ್ ತೆಗೆದಿಟ್ಟು ಮಲಗಿ. ಆದರೂ ಹೊಡೆದರೆ ರಿಮೋಟಿನ ತಪ್ಪಿಲ್ಲ.

ಪ್ರತಿ ಸಲ ಹೊಡೆದಾಗ ಹೊತ್ತು, ಮಳೆ ಬಂದಿತ್ತಾ, ಕಾರು ನಿಲ್ಲಿಸಿ ಎಷ್ಟು ಗಂಟೆ ಆಗಿತ್ತು ಎಂದು ಬರೆದಿಡಿ. ಮೆಕ್ಯಾನಿಕ್ ಹತ್ತಿರ ಹೋದರೂ ಆ ಚೀಟಿ ಅರ್ಧ ಕೆಲಸ ಮಾಡುತ್ತದೆ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ನೋಡಲು ಹೇಳಿ, ಕೊನೆಯ ಸಲ ಅಲಾರಂ ಯಾವ ಸ್ವಿಚ್ಚಿನಿಂದ ಹೊಡೆಯಿತು ಎಂಬುದನ್ನು ಕೆಲವು ಕಾರುಗಳು ನೆನಪಿಟ್ಟುಕೊಂಡಿರುತ್ತವೆ.

ಸುಮ್ಮಸುಮ್ಮನೆ ಕೂಗುವ ಕಾರನ್ನು ನಾಲ್ಕು ದಿನ ಆದಮೇಲೆ ಯಾರೂ ತಿರುಗಿ ನೋಡುವುದಿಲ್ಲ. ನಿಜವಾಗಿ ಯಾರಾದರೂ ಗಾಜು ಒಡೆದ ದಿನವೂ ನೋಡುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸರಿಹೋಗುವವರೆಗೆ ರಾತ್ರಿ ರಿಮೋಟ್ ಬಿಟ್ಟು ಕೀಲಿಯಿಂದ ಲಾಕ್ ಮಾಡಿ ನೋಡಿ. ಹಲವು ಕಾರುಗಳಲ್ಲಿ ಹಾಗೆ ಮಾಡಿದರೆ ಬಾಗಿಲು ಭದ್ರವಾಗುತ್ತದೆ, ಅಲಾರಂ ಆನ್ ಆಗುವುದಿಲ್ಲ. ಅಕ್ಕಪಕ್ಕದವರಿಗೂ ನಿಮಗೂ ನಿದ್ದೆ ಸಿಗುತ್ತದೆ.